ಪೆಟ್ಟಿಗೆಗೆ ಏನೂ ಆಗಿಲ್ಲವಂತೆ

ಟೋಂಗಾ ದ್ವೀಪಗಳ ಹಾಲಾನುಕು ಊರಿನಲ್ಲಿ ರೇಡಿಯೊ ಕೆಟ್ಟರೆ, ಟೇಪ್ ರೆಕಾರ್ಡರ್ ಮುನಿಸಿಕೊಂಡರೆ ಜನ ಹೋಗುತ್ತಿದ್ದದ್ದು ಲಿಸಿಯಾತೆಯ ಮನೆಗೆ. ಹೋದವರಿಗೆ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ತಂತಿ ಕಿತ್ತು ನೋಡಿದ್ಯಾ?" ಪೆಟ್ಟಿಗೆಯಿಂದ ಸುಯ್ ಅಂತಲೋ ಗೊರಗೊರ ಅಂತಲೋ ಸದ್ದು ಬರುತ್ತಿದ್ದರೆ ಹೊರಗಿನಿಂದ ಬರುವ ತಂತಿಯನ್ನು ಕಿತ್ತುಬಿಡು. ಸದ್ದು ಉಳಿದರೆ ರೋಗ ಪೆಟ್ಟಿಗೆಯ ಒಳಗಿದೆ, ನಿಂತರೆ ಹೊರಗಿದೆ. "ಇದಕ್ಕೆ ಆಕ್ಲೆಂಡಿಗೆ ಹೋಗಿ ಓದ್ಬೇಕಾಗಿಲ್ಲ ಮಾರಾಯ, ಎರಡು ಬೆರಳಿದ್ರೆ ಸಾಕು" ಎಂದು ಬೈದು ಕಳಿಸುತ್ತಿದ್ದ. ಊರಿಗೆಲ್ಲ ಈ ಬುದ್ಧಿ ಹೇಳಿದ ಮನುಷ್ಯ, ತಾನು ಕೀಳಬೇಕಾದ ತಂತಿಯನ್ನು ನಾಲ್ಕು ತಿಂಗಳು ಕೀಳಲಿಲ್ಲ. ಅದರ ಕಥೆ ಇದು.

ಲಿಸಿಯಾತೆ ಹರೆಯದಲ್ಲಿ ಆಕ್ಲೆಂಡಿನ ಒಂದು ರೇಡಿಯೊ ಅಂಗಡಿಯಲ್ಲಿ ಆರು ವರ್ಷ ದುಡಿದು, ಒಂದು ಸೂಟ್‌ಕೇಸ್ ತುಂಬ ಟ್ರಾನ್ಸಿಸ್ಟರು, ತಂತಿ, ಬೆಸುಗೆಯ ಸೀಸ ತುಂಬಿಕೊಂಡು ಟೋಂಗಾಕ್ಕೆ ಮರಳಿದವನು. ಊರವರು ಅದರೊಳಗೆ ಬಟ್ಟೆ, ಸಾಬೂನು, ಡಬ್ಬಿ ಮಾಂಸ ಇದ್ದೀತು ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದರಂತೆ. ತೆರೆದು ನೋಡಿದರೆ ಜೀರುಂಡೆಗಳ ಹಾಗೆ ಮೂರು ಮೂರು ಕಾಲಿನ ಕಪ್ಪು ಕಾಳುಗಳು. ಅವನ ಚಿಕ್ಕಪ್ಪ ಒಂದನ್ನು ಎತ್ತಿ ಮೂಸಿ, "ಇದನ್ನ ಬೇಯಿಸ್ಬೇಕೋ, ಹಾಗೇ ತಿನ್ಬೇಕೋ?" ಎಂದದ್ದು ಇವತ್ತಿಗೂ ಗಂಡಸರು ಸೇರಿ ಕಾವಾ ಬೇರಿನ ರಸ ಕುಡಿಯುವ ಜಾಗದಲ್ಲಿ ನಗೆಮಾತು. ಅವನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ "ಪೆಟ್ಟಿಗೆ ಎದುರು ಮಾತಾಡಲ್ಲ" ಎನ್ನುತ್ತಿದ್ದ. ಊಟ ಅಕ್ಕನ ಮನೆಯಿಂದ ಬರುತ್ತಿತ್ತು.

ಈ ಅಕ್ಕನ ಹೆಸರು ಸಿಯಾಲೆ. ಚರ್ಚಿನ ಹಾಡುಗಾರರ ಸಾಲಿನಲ್ಲಿ ಎಲ್ಲರಿಗಿಂತ ಮೇಲಿನ ದನಿ ಅವಳದು. ಅವಳು ಬಾಯಿ ತೆರೆದರೆ ಹೊರಗೆ ಮಲಗಿದ ಹಂದಿ ಕೂಡ ಎದ್ದು ಕೂರುತ್ತದೆ ಎಂದು ಅವಳ ಗಂಡನೇ ತಮಾಷೆ ಮಾಡುತ್ತಿದ್ದ. ಆ ಗಂಡ ಆಗ ನ್ಯೂಜಿಲೆಂಡಿನಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ, ಹನ್ನೊಂದು ವರ್ಷದ ಮಗಳು ಲೋಸೇಲಿ.

ಅಕ್ಕ-ತಮ್ಮ ಎಂದೆ. ಆದರೆ ಲಿಸಿಯಾತೆ ಅವಳ ಜೊತೆ ಎದುರು ನಿಂತು ಮಾತಾಡಿದ್ದು ಯಾವಾಗ ಎಂದು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ. ನಮ್ಮಲ್ಲಿ ಹತ್ತು ಹನ್ನೆರಡು ತುಂಬಿದ ಮೇಲೆ ಅಕ್ಕ-ತಮ್ಮ ಒಂದು ಸೂರಿನಡಿ ಮಲಗುವುದಿಲ್ಲ. ಅವಳು ಕೂತ ಕೋಣೆಗೆ ಇವನು ಕಾಲಿಡುವುದಿಲ್ಲ, ಒಟ್ಟಿಗೆ ಕೂತು ರೇಡಿಯೊ ಕೇಳುವುದಿಲ್ಲ. ಅವಳ ಮೈ, ಅವಳ ಆರೋಗ್ಯ, ಇಂಥ ಸುದ್ದಿಯನ್ನಂತೂ ತಮ್ಮನಾದವನು ಎತ್ತುವ ಹಾಗೇ ಇಲ್ಲ. ಇದರಲ್ಲಿ ದ್ವೇಷ ಇಲ್ಲ, ಇರುವುದೆಲ್ಲ ಗೌರವ. ಅಕ್ಕ ತಮ್ಮನಿಗಿಂತ ಎತ್ತರದವಳು, ಅವಳ ಮಕ್ಕಳೂ ಅಷ್ಟೇ. ಹೇಳಬೇಕಾದದ್ದು ಇದ್ದರೆ ಲೋಸೇಲಿ ಊಟದ ತಟ್ಟೆಯ ಜೊತೆ ಹೊತ್ತು ತರುತ್ತಿದ್ದಳು.

ಚರ್ಚಿನ ಆಂಪ್ಲಿಫೈಯರನ್ನು ಕಟ್ಟಿದವನು ಲಿಸಿಯಾತೆ. ಊರವರ ಬಾಯಲ್ಲಿ ಅದು ಬರೀ "ಪೆಟ್ಟಿಗೆ". ದೇವರ ಮನೆಯಲ್ಲಿ ಬೆಸುಗೆಯ ವಾಸನೆ ಬೇಡ ಎಂದು ಪಾದ್ರಿ ಹೇಳಿದ್ದರಿಂದ ಅದನ್ನು ಪಕ್ಕದ ಸಣ್ಣ ಕೋಣೆಯಲ್ಲಿ ಇಟ್ಟಿದ್ದರು. ಹಾಡುಗಾರರ ಮುಂದಿನ ಮೈಕಿನಿಂದ ಒಂದು ಉದ್ದನೆಯ ತಂತಿ ಕಿಟಕಿ ದಾಟಿ, ಸೂರಿನ ಅಂಚಿನಲ್ಲೇ ಹಾದು, ಹಲಸಿನಂಥ ದೊಡ್ಡ ಮರದ ಕೆಳಗೆ ಬಂದು ಪೆಟ್ಟಿಗೆಗೆ ಸೇರುತ್ತಿತ್ತು. ಲಿಸಿಯಾತೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅಲ್ಲೇ ಕೂರುತ್ತಿದ್ದ. ಅಕ್ಕ ಒಳಗೆ, ತಮ್ಮ ಹೊರಗೆ, ನಡುವೆ ಗೋಡೆ. ಎಲ್ಲರಿಗೂ ಸರಿಯಾಗಿತ್ತು.

ತನ್ನ ಪೆಟ್ಟಿಗೆಯ ಬಗ್ಗೆ ಅವನು ಕಾವಾ ಬಟ್ಟಲಿನ ಮುಂದೆ ಪಾಠ ಮಾಡುತ್ತಿದ್ದ. "ಟ್ರಾನ್ಸಿಸ್ಟರಿನ ತಡೆಯೋ ಶಕ್ತಿಗೂ ಒಂದು ಮಿತಿ ಇದೆ ಕಣ್ರಪ್ಪ. ಸರಿಯಾದ ದಿಕ್ಕಿಂದ ಬಂದ್ರೆ ನಲವತ್ತು ವೋಲ್ಟ್ ಹೊರುತ್ತೆ, ಅಬ್ಬಾ ಅನ್ನಲ್ಲ. ದನಿ ಒಳಗೆ ಹೋಗೋ ಕಾಲಿಗೆ ಉಲ್ಟಾ ಬಂತೋ, ಐದಾರು ವೋಲ್ಟಿಗೇ ಮುಗೀತು."

"ಮುಗೀತು ಅಂದ್ರೆ? ಸತ್ತೋಗುತ್ತಾ?" ಎನ್ನುತ್ತಿದ್ದ ಕೂತವರಲ್ಲಿ ಒಬ್ಬ.

"ಅಲ್ಲೇ ಇರೋದು ಮಜಾ. ಸಾಯಲ್ಲ, ಕೆಲಸ ಮಾಡ್ತಾನೇ ಇರುತ್ತೆ. ಆದ್ರೆ ಅವತ್ತಿಂದ ಒಳಗೆ ಒಂದು ಸುಯ್ ಅನ್ನೋ ಸದ್ದು ಸೇರ್ಕೊಳ್ಳುತ್ತೆ. ಅದು ಜನ್ಮದಲ್ಲಿ ಹೋಗಲ್ಲ."

ಅದಕ್ಕೇ ಅವನು ತಂತಿ ಒಳಗೆ ಬರುವ ಬಾಯಲ್ಲಿ ಎರಡು ಸಣ್ಣ ಡಯೋಡುಗಳನ್ನು ಎದುರುಬದುರಾಗಿ ಕೂರಿಸಿದ್ದ. ಮಿಂಚಿನ ಸೆಳಕು ತಂತಿಯಲ್ಲಿ ಬಂದರೆ ಅವು ತಾವೇ ನುಂಗಿಕೊಂಡು ಟ್ರಾನ್ಸಿಸ್ಟರನ್ನು ಕಾಯುತ್ತವೆ. ಅವುಗಳಿಗೆ ಅವನು ಇಟ್ಟ ಹೆಸರು ಕಾವಲುಗಾರರು.

ಹಾಡಿನ ಮೇಷ್ಟ್ರು ಕಲೋಲೋ ಅವರ ಕಣ್ಣು ಈ ಕಾವಲುಗಾರರ ಮೇಲೆ ಬಿತ್ತು. ಎಲ್ಲ ಚರ್ಚುಗಳ ವರ್ಷದ ದೊಡ್ಡ ಸಭೆ ಹತ್ತಿರ ಬರುತ್ತಿತ್ತು. ಬೇರೆ ದ್ವೀಪಗಳ ಹಾಡುಗಾರರ ಮುಂದೆ ತಲೆ ತಗ್ಗಿಸಬಾರದು ಎಂಬ ಚಿಂತೆಯಲ್ಲಿ ಮನುಷ್ಯನಿಗೆ ನಿದ್ದೆ ಇರಲಿಲ್ಲ.

"ಏನೋ ಲಿಸಿ, ಸಿಯಾಲೆ ಮೇಲಕ್ಕೆ ಹೋದಾಗೆಲ್ಲ ದನಿ ಹರಿದೋಗುತ್ತೆ. ಹಳೇ ಬಟ್ಟೆ ಹರಿದಂಗೆ. ನಿನ್ ಪೆಟ್ಟಿಗೇಲಿ ಏನೋ ಇದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿಮ್ಮ ಗಂಡಸ್ರಿಗೆ ಸ್ವಲ್ಪ ತಗ್ಗಿಸಿ ಹಾಡೋಕೆ ಹೇಳಿ ಮೇಷ್ಟ್ರೇ."

"ಗಂಡಸ್ರ ವಿಷಯ ನಂಗಿರ್ಲಿ. ನೀನು ಪೆಟ್ಟಿಗೆ ನೋಡು."

ಲಿಸಿಯಾತೆಗೆ ಗೊತ್ತಿತ್ತು, ಮೇಷ್ಟ್ರು ಹೇಳಿದ್ದು ನಿಜ. ಅಕ್ಕನ ದನಿ ಅಷ್ಟು ಜೋರಾಗಿ ಬಂದಾಗ ಕಾವಲುಗಾರರು ಅದನ್ನೂ ಮಿಂಚೆಂದು ತಿಳಿದು ತಲೆ ಕತ್ತರಿಸುತ್ತಿದ್ದರು. ಒಂದೊಂದರ ಬದಲು ಎರಡೆರಡು ಜೋಡಿಸಿದ್ದರೆ ದನಿಗೂ ದಾರಿ ಸಿಗುತ್ತಿತ್ತು, ಮಿಂಚಿಗೂ ತಡೆ ಇರುತ್ತಿತ್ತು. ಆದರೆ ಡಯೋಡುಗಳು ಮುಗಿದಿದ್ದವು, ಆಕ್ಲೆಂಡಿನಿಂದ ಬರಬೇಕಿತ್ತು, ಹಡಗು ತಿಂಗಳಿಗೊಮ್ಮೆ. ಸಭೆಗೆ ಇದ್ದದ್ದು ಒಂಬತ್ತು ದಿನ. ಕತ್ತರಿ ತೆಗೆದುಕೊಂಡು ಎರಡನ್ನೂ ಚಕ್ ಚಕ್ ಎಂದು ಕತ್ತರಿಸಿಬಿಟ್ಟ. ಆ ಸಭೆಯಲ್ಲಿ ಸಿಯಾಲೆ ಹಾಡಿದ್ದನ್ನು ಕೇಳಿದವರು ಈಗಲೂ ಮೈ ಮುಟ್ಟಿ ತೋರಿಸುತ್ತಾರೆ, ರೋಮ ನಿಂತಿರುತ್ತದೆ.

ಮುಂದಿನ ಜನವರಿಯಲ್ಲಿ ಒಂದು ಮಧ್ಯಾಹ್ನ ಸಿಡಿಲು ಬಡಿಯಿತು. ದೊಡ್ಡ ಮರದ ಒಂದು ಕೊಂಬೆ ಹೋಯಿತು, ಅಷ್ಟೇ. ಆದರೆ ಆ ಗುರುವಾರದ ಅಭ್ಯಾಸದಲ್ಲಿ ಹೆಡ್‌ಫೋನ್ ಹಾಕಿಕೊಂಡ ಲಿಸಿಯಾತೆಗೆ ಹಾಡಿನ ಒಂದು ಚರಣ ಮುಗಿದು ಇನ್ನೊಂದು ಶುರುವಾಗುವ ನಡುವೆ ಸುಯ್ ಎಂಬ ಸದ್ದು ಕೇಳಿಸಿತು. ತಣ್ಣಗೆ, ಸಣ್ಣಗೆ, ಸ್ವಲ್ಪ ಒದ್ದೆಯಾಗಿ. ಕಾವಲುಗಾರರನ್ನು ಕತ್ತರಿಸಿದ ಪಾಪ, ಟ್ರಾನ್ಸಿಸ್ಟರಿಗೆ ಪೆಟ್ಟು ಬಿದ್ದಿದೆ ಎಂದುಕೊಂಡ.

ಇದ್ದ ಒಂದು ಹೊಸದನ್ನು ಬೆಸೆದ. ಮಂಗಳವಾರ ಸಿಯಾಲೆ ಅಭ್ಯಾಸಕ್ಕೆ ಬರಲಿಲ್ಲ, ಕಾಲು ಊದಿಕೊಂಡಿದೆಯಂತೆ. ಸದ್ದೂ ಇರಲಿಲ್ಲ. ಸದ್ಯ, ಸರಿಹೋಯಿತು ಎಂದುಕೊಂಡ. ಗುರುವಾರ ಅವಳು ಬಂದಳು, ಸದ್ದೂ ಬಂತು.

ಈಗ ಹೇಳಿ, ಪೆಟ್ಟು ತಿಂದ ಟ್ರಾನ್ಸಿಸ್ಟರಿನ ಸದ್ದು ಒಂದೇ ಸಮ ಬರುತ್ತದೆ. ಇದು ಹಾಗಿರಲಿಲ್ಲ. ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಚರಣ ಉದ್ದವಾದಷ್ಟೂ ಜೋರಾಗುತ್ತಿತ್ತು. ಊರಿಗೇ ಬುದ್ಧಿ ಹೇಳುವ ಈ ಪಂಡಿತನಿಗೆ ಅಷ್ಟು ತಿಳಿಯದೇ? ಎರಡು ಬೆರಳಿನಲ್ಲಿ ತಂತಿ ಕಿತ್ತಿದ್ದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಅವನು ತಂತಿ ಕೀಳಲಿಲ್ಲ. ಬೆಸುಗೆ ಬಿಚ್ಚಿದ, ಬೆಸುಗೆ ಹಾಕಿದ. ಆಕ್ಲೆಂಡಿಗೆ ಬರೆದು ಇನ್ನೆರಡು ಟ್ರಾನ್ಸಿಸ್ಟರು ತರಿಸಿದ. ಫೆಬ್ರುವರಿಯಲ್ಲಿ ಒಂದನ್ನು ಬದಲಿಸಿದ, ಏಪ್ರಿಲಿನಲ್ಲಿ ಮತ್ತೊಂದನ್ನು. ತೆಗೆದದ್ದನ್ನೆಲ್ಲ ಒಂದು ಗಾಜಿನ ಶೀಶೆಗೆ ಹಾಕುತ್ತ ಹೋದ.

ಒಂದು ಭಾನುವಾರ ಲೋಸೇಲಿ ತಟ್ಟೆ ಹಿಡಿದು ಬಂದಳು. ಕೆಸುವಿನ ಎಲೆಯಲ್ಲಿ ಉಪ್ಪು ಮಾಂಸ, ತೆಂಗಿನ ಹಾಲು ಕಟ್ಟಿ ಹೊಂಡದ ಒಲೆಯಲ್ಲಿ ಬೇಯಿಸಿದ ಲೂ. ಹೊಸಿಲ ಮೇಲೆ ಕೂತು ಕಾಲು ಆಡಿಸುತ್ತ ಹೇಳಿದಳು:

"ಮಾವ, ಅಮ್ಮ ಹೇಳಿದ್ಲು, ನೀನು ಪೆಟ್ಟಿಗೆಗೋಸ್ಕರ ಇಷ್ಟೆಲ್ಲ ಕಷ್ಟ ಪಡ್ಬೇಡ್ವಂತೆ. ಪೆಟ್ಟಿಗೆಗೆ ಏನೂ ಆಗಿಲ್ವಂತೆ."

"ಅವಳಿಗೇನ್ ಗೊತ್ತು ಪೆಟ್ಟಿಗೆ ವಿಷಯ?"

"ಗೊತ್ತಿಲ್ಲಪ್ಪ. ಹಂಗೇ ಹೇಳು ಅಂದ್ಲು."

"ಇವತ್ತು ಲೂ ಚೆನ್ನಾಗಿದೆ ಅಂತ ಹೇಳು."

ಹುಡುಗಿ ಖಾಲಿ ತಟ್ಟೆ ಎತ್ತಿಕೊಂಡು ಹೋದಳು. ಲಿಸಿಯಾತೆ ಮತ್ತೆ ಬೆಸುಗೆಯ ಕಡ್ಡಿ ಕಾಯಿಸಿದ. ಯಾರಿಗಾದರೂ ಹೇಳಬೇಕಿತ್ತು, ಪಾದ್ರಿಗೋ, ಮೇಷ್ಟ್ರಿಗೋ, ಅವಳ ಅತ್ತೆಗೋ. ಆದರೆ ಏನೆಂದು? ಪ್ರತಿ ಅಭ್ಯಾಸದಲ್ಲೂ ಅಕ್ಕನ ಉಸಿರನ್ನು ನನ್ನ ಎರಡೂ ಕಿವಿಯಲ್ಲಿ ಹಾಕಿಕೊಂಡು ಕೂತಿದ್ದೆ ಎಂದು ಒಬ್ಬ ತಮ್ಮ ಯಾವ ಬಾಯಿಂದ ಹೇಳುವುದು? ನಾಚಿಕೆಗೇಡು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದದ್ದರ ಲೆಕ್ಕವನ್ನು ಯಾವ ಗಾದೆಯೂ ಹೇಳುವುದಿಲ್ಲ, ಹಾಳಾಗಲಿ.

ಮೇ ತಿಂಗಳ ಎರಡನೆಯ ವಾರ ಸಿಯಾಲೆ ಬಟ್ಟೆ ಒಗೆಯುತ್ತಿದ್ದವಳು ಅಲ್ಲೇ ಕೂತು, ಅಲ್ಲೇ ಒರಗಿದಳು. ಆಸ್ಪತ್ರೆಗೆ ಒಯ್ಯುವ ದೋಣಿ ಬರುವವರೆಗೂ ಉಳಿಯಲಿಲ್ಲ.

ಅಕ್ಕನ ಸಾವಿನಲ್ಲಿ ತಮ್ಮನ ಜಾಗ ಹಿತ್ತಿಲು. ಲಿಸಿಯಾತೆ ಸೂತಕದವರು ಉಡುವ, ಮೈಗಿಂತ ದೊಡ್ಡದಾದ ಹರಕು ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಬಂದವರಿಗೆಲ್ಲ ಹಂದಿ, ಗೆಣಸು ಬೇಯಿಸಿದ. ಅವಳ ಮುಖ ನೋಡಲಿಲ್ಲ, ನೋಡುವ ಹಾಗಿಲ್ಲ. ಊರ ನರ್ಸಮ್ಮ ಒಲೆಯ ಹತ್ತಿರ ನೀರು ಕೇಳಲು ಬಂದವಳು ಯಾರಿಗೋ ಹೇಳುತ್ತಿದ್ದಳು: "ಚಿಕ್ಕಂದಿನಲ್ಲಿ ಬಂದ ಜ್ವರ ಹೃದಯದ ಬಾಗಿಲು ತಿಂದಿತ್ತು. ಎದೇಲಿ ನೀರು ತುಂಬ್ಕೊಂಡಿದೆ. ತಿಂಗಳುಗಟ್ಟಲೆ ಉಸಿರು ಸುಯ್‌ಗುಟ್ಟಿರ್ಬೇಕು. ಅಷ್ಟು ಜನ ಇದ್ರಿ, ಒಬ್ರಿಗೂ ಕೇಳಿಸ್ಲಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲಿಸಿಯಾತೆಯ ಮಸಿ ಹತ್ತಿದ ಕೈ ಕಿವಿಗೆ ಹೋಯಿತು. ಯಾರೂ ನೋಡಲಿಲ್ಲ.

ಹತ್ತು ದಿನದ ಸೂತಕ ಕಳೆದು ಚರ್ಚಿನಲ್ಲಿ ಮತ್ತೆ ಹಾಡು ಶುರುವಾಯಿತು. ಲಿಸಿಯಾತೆ ಪೆಟ್ಟಿಗೆ ಹಚ್ಚಿ ಹೆಡ್‌ಫೋನ್ ಹಾಕಿಕೊಂಡ. ಸದ್ದಿಲ್ಲ. ಚರಣ ಮುಗಿಯಿತು, ಸದ್ದಿಲ್ಲ. ಇನ್ನೊಂದು ಮುಗಿಯಿತು, ಒಂದು ಸೊಳ್ಳೆಯಷ್ಟೂ ಸದ್ದಿಲ್ಲ. ಅಷ್ಟು ಶುದ್ಧವಾದ ಪೆಟ್ಟಿಗೆಯನ್ನು ಅವನು ತನ್ನ ಜೀವಮಾನದಲ್ಲಿ ಕಟ್ಟಿರಲಿಲ್ಲ. ಹೆಡ್‌ಫೋನ್ ಕಳಚಿಟ್ಟು ಹೊರಗೆ ಹೋಗಿ ಮರದ ಬುಡದಲ್ಲಿ ಕೂತ.

ಶೀಶೆಯಲ್ಲಿದ್ದ ಮೂರು ಟ್ರಾನ್ಸಿಸ್ಟರುಗಳನ್ನು ಮರುದಿನ ಒಂದೊಂದಾಗಿ ಪರೀಕ್ಷೆ ಮಾಡಿದ. ಮೂರೂ ಕೂಸಿನಂತೆ ಚೆನ್ನಾಗಿದ್ದವು. ಸಿಡಿಲು ಯಾವುದನ್ನೂ ಮುಟ್ಟಿರಲಿಲ್ಲ. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ, ಆಮೇಲೆ ಅವನು ಎರಡೆರಡು ಡಯೋಡು ತರಿಸಿ ಕಾವಲು ಕೂರಿಸಿದ.

ಅಲ್ಲಿಂದ ಶುರುವಾಯಿತು ಅವನ ಕಾಟ. ಪ್ರತಿ ಭಾನುವಾರ, ಮೊದಲ ಹಾಡಿಗೆ ಮುಂಚೆ, ಮೇಷ್ಟ್ರು ಕೈ ಎತ್ತಿ ಎಲ್ಲರೂ ಸುಮ್ಮನಾದ ಆ ಒಂದು ಗಳಿಗೆಯಲ್ಲಿ, ಅವನ ಬಲಗಿವಿಯಲ್ಲಿ ಯಾರೋ ಉಸಿರು ಎಳೆದುಕೊಳ್ಳುತ್ತಿದ್ದರು. ಹಾಡಲು ಎಳೆದುಕೊಳ್ಳುವ ಉಸಿರು. ಆಮೇಲೆ ಹಾಡು ಬರುತ್ತಿತ್ತು, ಆದರೆ ಆ ಉಸಿರೆಳೆದವಳ ದನಿ ಮಾತ್ರ ಬರುತ್ತಿರಲಿಲ್ಲ. ಸಾಲಿನಲ್ಲಿ ಅವಳ ಜಾಗ ಖಾಲಿ ಇತ್ತು. ಕೆಲವು ಸಲ ಹಗಲು ಹೊತ್ತಿನಲ್ಲಿ, ಯಾರದೋ ರೇಡಿಯೊ ಬಿಚ್ಚಿಕೊಂಡು ಕೂತಾಗ, ಬೆನ್ನ ಹಿಂದೆ ಹೊಸಿಲ ಹತ್ತಿರ ಅದೇ ಉಸಿರು. ತಿರುಗಿದರೆ ಬಿಸಿಲು, ಕೋಳಿ. ಅಕ್ಕ ಬದುಕಿದ್ದಾಗ ಒಂದು ದಿನವೂ ಅವನ ಕೋಣೆಗೆ ಬಂದವಳಲ್ಲ, ಸತ್ತಮೇಲೆ ದಿನಾ ಬರುತ್ತಿದ್ದಳು. ಅವನು ಮಾತಾಡಲು ಬಾಯಿ ತೆರೆಯುತ್ತಿದ್ದ. ಐವತ್ತು ದಾಟಿದ ಮೇಲೂ ಆ ಗೌರವ ಅವನ ನಾಲಗೆಯನ್ನು ಕಟ್ಟಿಯೇ ಇತ್ತು.

ಅವನು ಸೊರಗಿದ್ದು ಕಂಡು ಕಲೋಲೋ ಮೇಷ್ಟ್ರು ಒಂದು ದಿನ ಪಕ್ಕಕ್ಕೆ ಕರೆದರು. ನಮ್ಮಲ್ಲಿ ಸತ್ತವರು ಕಾಡಿದರೆ ಗೋರಿ ತೆಗೆದು ನೋಡುತ್ತಾರೆ. ಮರದ ಬೇರು ಎಲುಬಿಗೆ ಸಿಕ್ಕಿಕೊಂಡು ನೋಯಿಸುತ್ತಿದ್ದರೆ ಅದನ್ನು ಬಿಡಿಸಿ, ಎಲುಬಿಗೆ ಪರಿಮಳದ ಎಣ್ಣೆ ಹಚ್ಚಿ ಮತ್ತೆ ಮಲಗಿಸುತ್ತಾರೆ.

"ಹೇಳು, ತೆಗೆಸೋಣ. ಪಾದ್ರಿಗೆ ನಾನು ಹೇಳ್ತೀನಿ."

"ಬೇಡ ಮೇಷ್ಟ್ರೇ. ಬೇರು ಅಲ್ಲಿಲ್ಲ."

"ಮತ್ತೆಲ್ಲಿದೆ?"

ಅವನು ಪೆಟ್ಟಿಗೆಯ ಕೋಣೆಗೆ ಹೊರಟುಹೋದ.

ಹೀಗೆ ಆರು ವರ್ಷ. ಲೋಸೇಲಿಗೆ ಹದಿನೇಳು ತುಂಬಿತು. ದನಿ ತಾಯಿಯದೇ. ಬಹುದಿನ ಒಲ್ಲೆ ಒಲ್ಲೆ ಎಂದವಳನ್ನು ಮೇಷ್ಟ್ರು ಗದರಿಸಿ, ಪುಸಲಾಯಿಸಿ, ಕೊನೆಗೊಂದು ಭಾನುವಾರ ಆ ಖಾಲಿ ಜಾಗದಲ್ಲಿ ನಿಲ್ಲಿಸಿದರು.

ಮೇಷ್ಟ್ರು ಕೈ ಎತ್ತಿದರು. ಲಿಸಿಯಾತೆ ಎಂದಿನಂತೆ ಆ ಉಸಿರಿಗೆ ಕಾದ. ಬಂತು. ಆದರೆ ಈ ಸಲ ಉಸಿರಿನ ಹಿಂದೆಯೇ ದನಿಯೂ ಬಂತು. ಅವನ ಕಣ್ಣಲ್ಲಿ ನೀರು ಬಂತು. ಮೊದಲ ಚರಣ ಮುಗಿಯಿತು. ಆಗ, ನಡುವಿನ ಮೌನದಲ್ಲಿ, ಸುಯ್.

ತಣ್ಣಗೆ, ಸಣ್ಣಗೆ, ಸ್ವಲ್ಪ ಒದ್ದೆಯಾಗಿ.

ಅವನ ಕೈ ತಾನಾಗಿಯೇ ಬೆಸುಗೆಯ ಕಡ್ಡಿಯತ್ತ ಹೋಯಿತು. ಹಳೆಯ ಚಾಳಿ. ಮೊನ್ನೆ ಗುಡುಗಿತ್ತಲ್ಲ, ಕಾವಲುಗಾರರು ಸತ್ತಿರಬಹುದು, ಟ್ರಾನ್ಸಿಸ್ಟರು ಹೋಗಿರಬಹುದು, ಬದಲಿಸಿದರಾಯಿತು ಎಂದು ತಲೆ ಹೇಳುತ್ತಲೇ ಇತ್ತು. ಇದು ತನ್ನ ತಲೆಯೊಳಗಿನ ಅಕ್ಕನೇ ಇರಬಹುದು, ಆರು ವರ್ಷದಿಂದ ಕೇಳಿಸುತ್ತಿರುವುದೇ ತಾನೇ ಎಂದೂ ಹೇಳಿತು. ಎರಡನೆಯ ಚರಣ ಮುಗಿಯಿತು. ಸುಯ್, ಇನ್ನೂ ಜೋರಾಗಿ.

ಕಡ್ಡಿ ಕೆಳಗಿಟ್ಟ. ಪೆಟ್ಟಿಗೆಯ ಬಾಯಿಗೆ ಸಿಕ್ಕಿಸಿದ್ದ ತಂತಿಯ ಮೇಲೆ ಎರಡು ಬೆರಳಿಟ್ಟ. ಮೊದಲ ಸಲ ಬೆರಳು ಜಾರಿತು. "ಕ್ಷಮಿಸು ಅಕ್ಕ" ಎಂದ, ಬಾಯಿಬಿಟ್ಟು, ದೊಡ್ಡವನಾದ ಮೇಲೆ ಮೊದಲ ಬಾರಿಗೆ. ಮೂರನೆಯ ಚರಣ ಮುಗಿದು ಸುಯ್ ಎಂಬ ಸದ್ದು ಬಂದ ಕೂಡಲೇ ತಂತಿ ಕಿತ್ತ.

ಪೆಟ್ಟಿಗೆ ಸುಮ್ಮನಾಯಿತು.

ಒಳಗೆ ಹಾಡು ದನಿವರ್ಧಕವಿಲ್ಲದೆ ಮುಂದುವರಿಯುತ್ತಿತ್ತು. ಕಿತ್ತ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಲಿಸಿಯಾತೆ ಪಕ್ಕದ ಬಾಗಿಲಿನಿಂದ ಚರ್ಚಿನೊಳಗೆ ನುಗ್ಗಿ, ಪಾದ್ರಿಯ ಮುಂದೆ ಹಾದು, ಹಾಡುಗಾರರ ನಡುವೆ ನಿಂತ. ದನಿಗಳು ಒಂದೊಂದಾಗಿ ನಿಂತವು.

"ಏನೋ ಇದು ಲಿಸಿ, ದೇವರ ಮನೆಯಲ್ಲಿ!" ಎಂದರು ಮೇಷ್ಟ್ರು. "ಪೆಟ್ಟಿಗೆ ಕೆಟ್ಟಿದ್ರೆ ಆಮೇಲೆ ನೋಡ್ಕೊ."

"ಪೆಟ್ಟಿಗೆಗೆ ಏನೂ ಆಗಿಲ್ಲ!" ಅವನು ಕಿರುಚಿದ್ದು ಹಿಂದಿನ ಬೆಂಚಿನ ಮಗುವನ್ನು ಅಳಿಸಿತು. ಆಮೇಲೆ ಹುಡುಗಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಎಷ್ಟು ದಿನ ಆಯ್ತು ಮಗಾ, ಉಸಿರು ಹೀಗಾಗಿ?"

ಲೋಸೇಲಿ ಸುತ್ತ ನೋಡಿದಳು, ತಲೆ ತಗ್ಗಿಸಿದಳು. "ಮಾವಿನ ಕಾಲದಿಂದ ಮಾವ. ಗುಡ್ಡ ಹತ್ತಿದ್ರೆ ಆಗಲ್ಲ. ಯಾರಿಗೂ ಕೇಳಿಸ್ತಿಲ್ಲ ಅನ್ಕೊಂಡಿದ್ದೆ."

"ನಂಗೆ ಕೇಳಿಸ್ತು" ಎಂದ ಲಿಸಿಯಾತೆ, ಇಡೀ ಊರಿನ ಮುಂದೆ. "ನಿಮ್ಮಮ್ಮಂದೂ ಕೇಳಿಸಿತ್ತು. ನಾಲ್ಕು ತಿಂಗಳು ಕೇಳಿಸಿತ್ತು, ನಾನು ಹೇಳ್ಲಿಲ್ಲ."

ಭಾನುವಾರ ನಮ್ಮಲ್ಲಿ ದೋಣಿ ಅಲುಗುವುದಿಲ್ಲ. ಮಾವ, ಸೊಸೆ ಇಬ್ಬರೂ ಸೋಮವಾರದ ದೋಣಿಗೆ ಹೋದರು. ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ತಾಯಿಗೆ ಬಂದ ಕಾಯಿಲೆಯೇ, ಆದರೆ ಬೇಗ ಬಂದಿದ್ದೀರಿ, ಬಾಗಿಲು ಇನ್ನೂ ಅಷ್ಟು ಹಾಳಾಗಿಲ್ಲ, ತಿಂಗಳಿಗೊಂದು ಸೂಜಿ ತಪ್ಪದೆ ಚುಚ್ಚಿಸಿದರೆ ಬದುಕುತ್ತಾಳೆ, ಹಾಡುತ್ತಾಳೆ ಎಂದರು. ಹದಿನೈದು ದಿನ ಅಲ್ಲೇ ಇರಿಸಿಕೊಂಡು ಕಳಿಸಿದರು.

ವಾಪಸು ಬರುವ ದೋಣಿಯಲ್ಲಿ, ನೆತ್ತಿಯ ಮೇಲೆ ಬಿಸಿಲು, ಇಬ್ಬರೂ ಗೋಣಿಚೀಲಗಳ ಮೇಲೆ ಕೂತು ಬೇಯಿಸಿದ ಗೆಣಸು ತಿನ್ನುತ್ತಿದ್ದರು. ಹುಡುಗಿಯ ಉಸಿರು ಸಲೀಸಾಗಿತ್ತು. ಅವನು ಅದನ್ನೇ ಕೇಳುತ್ತ ಕೂತಿದ್ದ, ಈಗ ನಾಚಿಕೆಯಿಲ್ಲದೆ.

"ಮಾವ, ಒಂದು ಹೇಳ್ಲಾ?" ಎಂದಳು ಲೋಸೇಲಿ. "ಆಗ ನಾನು ನಿಂಗೆ ಊಟ ಕೊಟ್ಟು ಖಾಲಿ ತಟ್ಟೆ ತಗೊಂಡು ಹೋಗ್ತಿದ್ನಲ್ಲ, ಅಮ್ಮ ದಿನಾ ಬಾಗಿಲಲ್ಲೇ ನಿಂತಿರೋಳು. ತಟ್ಟೆ ಇಸ್ಕೊಳ್ಳೋಕೆ ಮುಂಚೆ ಕೇಳೋಳು, ಮಾವ ಏನಾದ್ರೂ ಹೇಳಿದ್ನಾ ಅಂತ."

ಲಿಸಿಯಾತೆಯ ಕೈಯಲ್ಲಿದ್ದ ಗೆಣಸು ಹಾಗೇ ಉಳಿಯಿತು.

"ನೀನೇನಂದೆ ಅವಳಿಗೆ?"

"ಮಾವ ಪೆಟ್ಟಿಗೆ ರಿಪೇರಿ ಮಾಡ್ತಿದ್ದಾನೆ ಅಂದೆ."